ಚಿಂಚೋಳಿಗೆ ಹೋಗಬೇಕಿದ್ದ ಎಂಜಿನ್

ವಾಡಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಸಿಮೆಂಟ್ ಕಾರ್ಖಾನೆಯ ಪುಟ್ಟ ಡೀಸೆಲ್ ಎಂಜಿನ್ನಿನ ಡ್ರೈವರ್ ಆಗಿದ್ದರು. ಒಳಗೇ ವ್ಯಾಗನ್ ಎಳೆಯುವ ಆ ಎಂಜಿನ್ ಗೇಟು ದಾಟಿದ್ದೇ ಇಲ್ಲ. ಅವರ ಹೆಂಡತಿಯ ತವರು, ರೈಲೇ ಇಲ್ಲದ ಚಿಂಚೋಳಿ. ಊರಿಗೆ ಹೊರಟಾಗಲೆಲ್ಲ ಆಕೆ ಗೊಣಗುತ್ತಿದ್ದರು: “ರೈಲು ನಡಸಾಂವನ ಹೇಂತಿ ಬಸ್ಸಿನ್ಯಾಗ ನಿಂತು ಹೋಗಬೇಕು ನೋಡ್ರಿ.”

ಇವರು ಕೈಯ ಗ್ರೀಸು ಒರೆಸುತ್ತ, “ತಡಿ, ಚಿಂಚೋಳಿಗಿ ಹಳಿ ಬೀಳ್ಲಿ,” ಎನ್ನುತ್ತಿದ್ದರು.

ಆಕೆ ತೀರಿಕೊಂಡ ಮೇಲೆ, ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅದೇ ಎಂಜಿನ್ನಿನ ಆಟಿಕೆ ಮಾಡಿದರು. ಬಣ್ಣ ಮಾತ್ರ ಸಿಮೆಂಟ್ ಧೂಳಿನದಲ್ಲ. ಆಕೆಯ ಇಳಕಲ್ ಸೀರೆಯ ಹಸಿರು, ಸೆರಗಿನ ಕೆಂಪು. ಬದಿಗೆ ‘ವಾಡಿ–ಚಿಂಚೋಳಿ ರೈಲ್ವೆ’ ಎಂದು ಬರೆದಿದ್ದರು.

“ಬೋಗಿ ಯಾವಾಗ ಮಾಡ್ತೀರಿ, ಕಾಕಾ?” ಎಂದೆ.

“ಬೋಗಿ ಯಾರಿಗಂತ ಮಾಡ್ಲಿ? ಕುಂದ್ರಬೇಕಾದಾಕಿನೇ ಇಲ್ಲಲ್ಲ.”