ಅಟ್ಟದ ಕೊಬ್ಬರಿ, ಅವರೆಕಾಯಿ ಮತ್ತು ನನ್ನ ಕೆಂಪು ಪೆನ್ನು

ಆ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದಾಗ ನನಗೊಂದು ಹುಚ್ಚು ಹಿಡಿದಿತ್ತು. ನನ್ನ ಮೂರನೇ ಕ್ಲಾಸಿನ ಹದಿನಾಲ್ಕು ಮಕ್ಕಳೂ ಸ್ವಂತವಾಗಿ ನಾಲ್ಕು ವಾಕ್ಯ ಬರೆಯಬೇಕು. ಬೋರ್ಡಿನ ಮೇಲಿದ್ದುದನ್ನು ಅಂದವಾಗಿ ಇಳಿಸಿಕೊಳ್ಳುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ "ನೀವೇ ಏನಾದ್ರೂ ಬರೀರಿ" ಅಂದೆನೋ, ಹದಿನಾಲ್ಕು ಪೆನ್ಸಿಲ್ಲೂ ಬಾಯಿಗೆ ಹೋಗುತ್ತಿದ್ದವು.

ನಾನಿರುವುದು ತುಮಕೂರಿನ ಶಿರಾ ಗೇಟ್ ಹತ್ತಿರ, ಶಾಲೆ ಇರುವುದು ಗುಬ್ಬಿಯಿಂದಾಚೆಗಿನ ಒಂದು ಹಳ್ಳಿಯಲ್ಲಿ. ಬಸ್ಸಿನಲ್ಲಿ ಸೀಟು ಸಿಕ್ಕ ದಿನ ಫೋನ್ ತೆಗೆದು ಹುಡುಕುತ್ತಿದ್ದೆ. ಚಿಕ್ಕ ಮಕ್ಕಳಿಗೆ ಆಯಾ ಕಾಲಕ್ಕೆ ತಕ್ಕಂತೆ ಬರೆಸುವ ವಿಷಯಗಳು ಎಂದು ಉದ್ದದ ಪಟ್ಟಿಯೊಂದು ಸಿಕ್ಕಿತು. ನೀನು ಮಾಡಿದ ಹಿಮದ ಬೊಂಬೆಯ ಬಗ್ಗೆ ಬರೆ. ಮರದ ಎಲೆಗಳೆಲ್ಲ ಕೆಂಪಾದಾಗ ನಿನಗೆ ಏನನ್ನಿಸುತ್ತದೆ? ನಮ್ಮ ಕಡೆ ಎಲೆ ಕೆಂಪಾದರೆ ಗಿಡಕ್ಕೆ ರೋಗ ಬಂತೆಂದು ಔಷಧಿ ಹೊಡೆಸುತ್ತಾರೆ. ಪಟ್ಟಿಯ ಆಸೆ ಬಿಟ್ಟು ನಾನೇ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಬೇಸಿಗೆ ರಜದಲ್ಲಿ ನಿಮ್ಮ ಮನೆಯಲ್ಲಿ ಏನು ಕೆಲಸ ನಡೆಯಿತು? ಮೊದಲ ಮಳೆ ಬಂದ ದಿನ ಮನೆಯಲ್ಲಿ ಯಾರು ಯಾರನ್ನು ಬೈದರು? ಅವರೆಕಾಯಿ ಕಾಲದಲ್ಲಿ ಯಾರು ಏನೇನು ಮಾಡುತ್ತಾರೆ? ಅದನ್ನು ಗೋಡೆಗೆ ಅಂಟಿಸಿ, ದೊಡ್ಡ ಸಾಧನೆ ಮಾಡಿದವಳ ಹಾಗೆ ಕೈ ಝಾಡಿಸಿಕೊಂಡೆ.

ಮೊದಲು ಬರೆದು ತಂದವಳು ಎರಡನೇ ಸಾಲಿನ ಹುಡುಗಿ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅಂಥವಳು ಏಳು ವಾಕ್ಯ ಬರೆದಿದ್ದಳು, ಒಂದನ್ನೂ ಎಲ್ಲಿಂದಲೂ ನೋಡಿ ಬರೆದಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡು, ಬಸ್ಸಿನಲ್ಲೇ ಕೆಂಪು ಪೆನ್ನು ತೆಗೆದೆ. ಎರಡು ಕಡೆ ಒತ್ತು ತಿದ್ದಿದೆ, ಒಂದು ಕಡೆ ದೀರ್ಘ ಹಾಕಿದೆ, ಕೆಳಗೆ ದೊಡ್ಡದೊಂದು ರೈಟ್ ಎಳೆದು "ತುಂಬಾ ಚೆನ್ನಾಗಿದೆ" ಎಂದು ಬರೆದೆ.

ಆ ವಾರವೇ ಪೋಷಕರ ಸಭೆ ಇತ್ತು. ಹೆಡ್‌ಮಾಸ್ಟರು ಮುಂದೆ ಕುರ್ಚಿಯಲ್ಲಿ, ತಾಯಂದಿರು ಅಜ್ಜಿಯರೆಲ್ಲ ಚಾಪೆಯ ಮೇಲೆ. ಹುಡುಗಿಯ ಅಮ್ಮನೂ ಅಜ್ಜಿಯೂ ಅಕ್ಕಪಕ್ಕದಲ್ಲೇ ಕೂತಿದ್ದರು. ನಾನು ಅವಳನ್ನು ಮುಂದೆ ಕರೆದು ಹಾಳೆ ಕೊಟ್ಟೆ. ಅಷ್ಟು ಜನರ ಮುಂದೆ ಅವಳಿಗೆ ಸ್ವರವೇ ಹೊರಡಲಿಲ್ಲ. "ಇರ್ಲಿ ಬಿಡು, ನಾನೇ ಓದ್ತೀನಿ" ಎಂದು ಹಾಳೆ ಕಿತ್ತುಕೊಂಡು ಗಟ್ಟಿಯಾಗಿ ಓದಿದೆ.

"ನಮ್ಮ ಅಟ್ಟದ ತುಂಬಾ ಕೊಬ್ಬರಿ ಇದೆ. ಬೇಸಿಗೆಯಲ್ಲಿ ಅದು ಗುಡುಗುಡು ಅನ್ನುತ್ತದೆ. ಅಜ್ಜಿ ಅಲ್ಲಾಡಿಸಿ ನೋಡುತ್ತಾಳೆ. ಒಳ್ಳೆಯದನ್ನು ಚೀಲಕ್ಕೆ ಹಾಕುತ್ತಾಳೆ. ಅತ್ತೆ ಕುಣಿಗಲ್‌ನಿಂದ ಬಂದಾಗ ಅವಳಿಗೆ ಚೀಲ ಕೊಡುತ್ತಾಳೆ. ಅಮ್ಮ ಕೇಳಿದರೆ ಇಲಿ ತಿಂತು ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಇಲಿ ಇಲ್ಲ."

ನಮ್ಮ ಕಡೆ ತೋಟದವರು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಸದ್ದಾಗಬೇಕು. ಅಷ್ಟು ದಿನ ಕಾದ ಕೊಬ್ಬರಿ ಅಟ್ಟದಿಂದ ಮಾಯವಾಗುತ್ತದೆಂದರೆ ಯಾವ ಸೊಸೆ ಸುಮ್ಮನಿರುತ್ತಾಳೆ? ಐದನೇ ವಾಕ್ಯಕ್ಕೆ ಬಂದಾಗಲೇ ನನಗೆ ಹೊಳೆದಿತ್ತು, ಆದರೆ ಬಾಯಿ ತನ್ನಷ್ಟಕ್ಕೆ ಓದುತ್ತಲೇ ಹೋಯಿತು. ಚಾಪೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗಿಯ ಅಮ್ಮ ಮಾತ್ರ ನಗಲಿಲ್ಲ. ತಣ್ಣಗೆ ತಮ್ಮ ಅತ್ತೆಯ ಕಡೆ ತಿರುಗಿ, "ಇಲಿಗೆ ಅಂತ್ಲೇ ಬೆಕ್ಕು ಸಾಕಿದೀನಲ್ಲತ್ತೆ, ದಿನಾ ಹಾಲು ಹಾಕಿ" ಎಂದರು. ಅಜ್ಜಿ ಸೆರಗು ಕೊಡವಿ ಎದ್ದು, ಟೀ ಕೂಡ ಕುಡಿಯದೆ ಹೊರಟುಹೋದರು.

ಆ ಹಾಳೆ ಮೂರು ದಿನ ನನ್ನ ಬ್ಯಾಗಿನಲ್ಲಿತ್ತು. ಒತ್ತು ನೋಡಿದ್ದೆ, ದೀರ್ಘ ನೋಡಿದ್ದೆ. ಓದಿರಲಿಲ್ಲ. ಹದಿನೆಂಟು ವರ್ಷದಿಂದ ಮೇಷ್ಟ್ರಗಿರಿ ಮಾಡುತ್ತಿರುವವಳು ನಾನು.

ಮಳೆಗಾಲ ಬಂತು. ಮೊದಲ ಮಳೆಯ ಬಗ್ಗೆ ಉಳಿದ ಮಕ್ಕಳು ಬರೆದದ್ದು ಒಂದಕ್ಕಿಂತ ಒಂದು ಚೆನ್ನಾಗಿತ್ತು. ಒಣಹಾಕಿದ್ದ ರಾಗಿ ನೆನೆದು ಅಪ್ಪ ಅಮ್ಮನನ್ನು, ಅಮ್ಮ ನಾಯಿಯನ್ನು ಬೈದದ್ದೆಲ್ಲ ಬಂದಿತ್ತು. ಈ ಹುಡುಗಿಯ ಹಾಳೆಯಲ್ಲಿ ಮಾತ್ರ ಮೂರೇ ವಾಕ್ಯ. ಮಳೆಗಾಲದಲ್ಲಿ ಮಳೆ ಬರುತ್ತದೆ. ರೈತರಿಗೆ ಸಂತೋಷವಾಗುತ್ತದೆ. ಕಪ್ಪೆಗಳು ವಟಗುಟ್ಟುತ್ತವೆ. ಕೆಂಪು ಪೆನ್ನಿಗೆ ಒಂದು ತಪ್ಪೂ ಸಿಗಲಿಲ್ಲ.

"ಇದು ಗೈಡ್‌ನಲ್ಲಿರೋದಲ್ವೇನೇ?" ಎಂದು ಕೇಳಿದೆ.

"ಮನೆ ವಿಷ್ಯ ಬರೀಬಾರ್ದಂತೆ ಮಿಸ್."

"ಯಾರಂದ್ರು?"

"ಅಜ್ಜಿ. ಅಮ್ಮಾನೂ."

ಅತ್ತೆ ಸೊಸೆ ಇದೊಂದು ವಿಷಯದಲ್ಲಾದರೂ ಒಂದಾದರಲ್ಲ ಎಂದು ನಗಬಹುದಿತ್ತು. ನಗು ಬರಲಿಲ್ಲ. ಇಡೀ ಕ್ಲಾಸಿನಲ್ಲಿ ಕಣ್ಣಿಂದ ಕಂಡದ್ದನ್ನು ಕಂಡ ಹಾಗೇ ಮೊದಲು ಬರೆದ ಮಗು ಇವಳೇ. ಅವಳ ಪೆನ್ಸಿಲ್ಲಿಗೆ ಬೀಗ ಹಾಕಿದವಳು ನಾನು. ಹೀಗೇ ಬಿಟ್ಟರೆ ಇನ್ನು ಏಳನೇ ಕ್ಲಾಸಿನವರೆಗೂ ಕಪ್ಪೆಯನ್ನೇ ವಟಗುಟ್ಟಿಸುತ್ತಾಳೆ ಎಂದು ಹೆದರಿ, ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ.

ಅಜ್ಜಿ ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು, ಲಂಗದ ಅಂಚು ಕಾಣುತ್ತಿತ್ತು.

"ತಪ್ಪಾಯ್ತು ಅಜ್ಜಿ" ಎಂದೆ. "ಅವತ್ತು ನಾನದನ್ನ ಓದಿರ್ಲಿಲ್ಲ. ಬರೀ ಕಾಗುಣಿತ ನೋಡಿದ್ದೆ."

ಅಜ್ಜಿ ಕೈಯಲ್ಲಿದ್ದ ಗರಿ ಕೆಳಗಿಟ್ಟರು. "ಓದ್ದೆಲೆ ಹೆಂಗವ್ವ ರೈಟ್ ಹಾಕ್ಬುಟ್ರಿ?"

ನಾನು ಕಡ್ಡಿಯೊಂದನ್ನು ಎತ್ತಿಕೊಂಡು ಮುರಿಯುತ್ತ ಕೂತೆ.

"ನಂಗೆ ಓದಕ್ಕೆ ಬರಾಕಿಲ್ಲ" ಎಂದರು ಅಜ್ಜಿ. "ಆದ್ರೂ ಮೊಮ್ಮಗ್ಳು ಏನಾರ ಬರ್ಕಂಡ್ ಕೂತ್ರೆ ಏನೇ ಬರ್ದೆ ಅಂತ ಕೇಳ್ತೀನಿ. ಮಗಳಿಗೆ ನಾಕ್ ಕೊಬ್ರಿ ಕೊಟ್ಟೆ, ಸುಳ್ಳೂ ಹೇಳ್ದೆ, ಒಪ್ಕತೀನಿ. ನನ್ ಸೊಸೆ ನನ್ನ ಬೈಯ್ಯದು, ನಾನು ಬೈಸ್ಕಳದು ಮನೆ ಒಳಗಿನ ಮಾತು. ಊರ್ ಮುಂದೆ ನಗಾಡ್ಸುಬುಟ್ರಲ್ಲ. ನಿಮ್ ವಿಷ್ಯ ಯಾರಾದ್ರೂ ಹಿಂಗೆ ಓದುದ್ರೆ ನಿಮ್ಗೂ ಗೊತ್ತಾಯ್ತದೆ."

ಇಷ್ಟೆಲ್ಲ ಅಂದಮೇಲೂ ಒಳಗೆ ಕೂಗಿ ಕಾಫಿ ತರಿಸಿದರು. ಕಾಫಿ ತಂದ ಸೊಸೆ ನನ್ನ ಮುಖ ನೋಡಲಿಲ್ಲ, ಅತ್ತೆಯ ಮುಖವನ್ನೂ ನೋಡಲಿಲ್ಲ. ಅವತ್ತಿನಿಂದ ಮಗುವನ್ನು ಕೇಳದೆ ಅದು ಬರೆದದ್ದನ್ನು ಯಾರ ಮುಂದೆಯೂ ಓದಬಾರದು ಎಂದು ನಿರ್ಧರಿಸಿದೆ. ಕ್ಲಾಸಿಗೂ ಹೇಳಿದೆ. ಹುಡುಗಿ ತಲೆಯಾಡಿಸಿದಳು. ಆದರೂ ದಸರಾ ರಜದ ಬಗ್ಗೆ ಕೇಳಿದಾಗ ಮತ್ತೆ ಗೈಡೇ ಬಂತು.

ಚಳಿ ಶುರುವಾಗಿ ಗುಬ್ಬಿ ಬಸ್ ಸ್ಟ್ಯಾಂಡ್ ಪಕ್ಕ ಅವರೆಕಾಯಿ ರಾಶಿ ಬಿದ್ದಿತು. ಸೊಗಡಿನ ವಾಸನೆ ಮೂಗಿಗೆ ಬಡಿದರೆ ನಾನು ನಾನಾಗಿರುವುದಿಲ್ಲ, ಕೊಂಡೇ ಕೊಳ್ಳುತ್ತೇನೆ. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಹುಡುಗಿ ನಾಲ್ಕು ಮಡಿಕೆ ಮಾಡಿದ ಹಾಳೆ ತಂದು ಟೇಬಲ್ ಮೇಲಿಟ್ಟಳು.

"ಬರ್ದಿದೀನಿ ಮಿಸ್. ಮನೆ ವಿಷ್ಯ ಅಲ್ಲ."

ಕೆಂಪು ಪೆನ್ನನ್ನು ಪಕ್ಕಕ್ಕಿಟ್ಟು ಓದಿದೆ. "ಚಳಿಗಾಲದಲ್ಲಿ ನಮ್ಮ ಮಿಸ್ ಗುಬ್ಬಿಯಿಂದ ಅವರೆಕಾಯಿ ತರುತ್ತಾರೆ. ಲೆಕ್ಕದ ಪಿರಿಯಡ್‌ನಲ್ಲಿ ನಾವು ಬಿಡಿಸುತ್ತೇವೆ. ಒಂದು ಕಾಯಲ್ಲಿ ಎಷ್ಟು ಕಾಳು ಎಂದು ಕೇಳುತ್ತಾರೆ. ನಾವು ಎಣಿಸುತ್ತೇವೆ. ಎಣಿಸಿದ ಕಾಳನ್ನು ಮಿಸ್ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಹೆಡ್‌ಮಾಸ್ಟರು ಬಂದರೆ ಡಬ್ಬಿ ಟೇಬಲ್ ಕೆಳಗೆ ಹೋಗುತ್ತದೆ. ಸಿಪ್ಪೆ ನಮಗೆ."

ಸಿಪ್ಪೆಯ ಮಾತೂ ಸೇರಿ ಎಲ್ಲವೂ ನಿಜ. ಎಣಿಕೆಯೂ ಬರುತ್ತದೆ, ಸಾರಿಗೂ ಆಗುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

"ಓದ್ತೀರಾ ಮಿಸ್?"

"ಓದಿದ್ನಲ್ಲೇ."

"ಹಂಗಲ್ಲ. ಎಲ್ರ ಮುಂದೆ."

ಮುಂದಿನ ಸೋಮವಾರ ಮತ್ತೆ ಪೋಷಕರ ಸಭೆ ಇತ್ತು. ನಮ್ಮ ಹೆಡ್‌ಮಾಸ್ಟರು ಸೀಮೆಸುಣ್ಣದ ತುಂಡಿಗೂ ಲೆಕ್ಕ ಕೇಳುವ ಮನುಷ್ಯ. ಭಾನುವಾರವೆಲ್ಲ ಒದ್ದಾಡಿದೆ. ಹಾಳೆ ಕಳೆದುಹೋಯಿತು ಅನ್ನಲೇ? ಡಬ್ಬಿಯ ಸಾಲುಗಳನ್ನು ಹಾರಿಸಿ ಓದಲೇ? ಹಾರಿಸಿದರೆ ಅವಳಿಗೆ ಗೊತ್ತಾಗುತ್ತದೆ, ಆಮೇಲೆ ಆ ಹುಡುಗಿ ಈ ಜನ್ಮದಲ್ಲಿ ನನಗಾಗಿ ಬರೆಯುವುದಿಲ್ಲ. ಅತ್ತ ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿತ್ತು, ಅದೂ ಅವಳೇ ಬಿಡಿಸಿದ ಕಾಳು.

ಸಭೆಯಲ್ಲಿ ಅತ್ತೆ ಸೊಸೆ ಚಾಪೆಯ ಆ ತುದಿಯಲ್ಲೊಬ್ಬರು ಈ ತುದಿಯಲ್ಲೊಬ್ಬರು ಕೂತಿದ್ದರು. ನಾನು ಎದ್ದು ನಿಂತು, "ಇದು ನನ್ನ ಬಗ್ಗೆ ಬರೆದಿರೋದು, ಬರೆದವಳು ಓದಿ ಅಂದಿದಾಳೆ" ಎಂದು ಹೇಳಿ ಒಂದಕ್ಷರ ಬಿಡದೆ ಓದಿದೆ. "ಸಿಪ್ಪೆ ನಮಗೆ" ಎಂದು ಮುಗಿಸಿದಾಗ ಎಲ್ಲರೂ ಹೆಡ್‌ಮಾಸ್ಟರ ಮುಖವನ್ನೇ ನೋಡುತ್ತಿದ್ದರು. ಅವರು ನಿಧಾನವಾಗಿ ಕನ್ನಡಕ ತೆಗೆದರು.

"ಆ ಕಾಳೆಲ್ಲ ಏನಾಯ್ತು ಮೇಡಂ?"

ನಾನು ಬಾಯಿ ತೆರೆಯುವುದರೊಳಗೆ ಚಾಪೆಯ ತುದಿಯಿಂದ ಅಜ್ಜಿಯ ದನಿ ಬಂತು. "ಇಲಿ ತಿಂತು ಅನ್ರವ್ವ."

ಮೊದಲು ನಕ್ಕದ್ದು ಸೊಸೆ. ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು, ಆದರೂ ಭುಜ ಕುಲುಕುತ್ತಿತ್ತು. ಅಜ್ಜಿ ಅವರ ಕಡೆ ನೋಡಿ, ತಾವೂ ನಕ್ಕುಬಿಟ್ಟರು. ಹೆಡ್‌ಮಾಸ್ಟರು, "ಇನ್ಮೇಲೆ ಲೆಕ್ಕಕ್ಕೆ ಹುಣಸೆ ಬೀಜ ಉಪಯೋಗಿಸಿ ಮೇಡಂ" ಎಂದು ಅಲ್ಲಿಗೆ ಮುಗಿಸಿದರು. ಹೋಗುವಾಗ ಅತ್ತೆ ಸೊಸೆ ಒಟ್ಟಿಗೇ ಗೇಟು ದಾಟಿದರು.

ಹುಡುಗಿ ಮಾತ್ರ ಉಳಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಳು. "ಮಿಸ್, ಇನ್ನೊಂದ್ ಬರ್ದಿದೀನಿ. ಇದನ್ನ ಯಾರ ಮುಂದೇನೂ ಓದ್ಬೇಡಿ, ನೀವ್ ಮಾತ್ರ ಓದ್ಕೊಳಿ" ಎಂದು ಇನ್ನೊಂದು ಹಾಳೆ ಕೊಟ್ಟು ಅಮ್ಮ ಅಜ್ಜಿಯ ಹಿಂದೆ ಓಡಿದಳು.

ಎರಡೂ ಮಗ್ಗುಲು ಬರೆದಿದ್ದಳು. ಒತ್ತು ದೀರ್ಘಗಳು ಎಲ್ಲೆಂದರಲ್ಲಿ ತಪ್ಪಿದ್ದವು, ಎಲ್ಲೂ ಒಂದು ಕಪ್ಪೆ ಇರಲಿಲ್ಲ. ಬಸ್ಸಿನಲ್ಲಿ ತುಮಕೂರು ಬರುವಷ್ಟರಲ್ಲಿ ಅದನ್ನು ಮೂರು ಸಲ ಓದಿದೆ, ಕೆಂಪು ಪೆನ್ನು ತೆಗೆಯಲೇ ಇಲ್ಲ. ಅದರಲ್ಲಿ ಏನಿತ್ತೆಂದು ಹೇಳುವ ಹಾಗಿಲ್ಲ, ಅವಳು ಬೇಡವೆಂದಿದ್ದಾಳೆ.