ಮಾವನ ಬಾಯಿಗೆ ಮಾತು ಬರುವ ಮೊದಲೇ

ಮೊನ್ನೆ ಮದ್ದೂರಿನ ಹೋಟೆಲಿನಲ್ಲಿ ಪಕ್ಕದ ಮೇಜಿನವನು ಏನು ಬೇಕೆಂದು ಹೇಳಲು ಬಾಯಿ ತೆರೆದ. "ಅವರಿಗೆ ಇಡ್ಲಿ" ಎಂದಳು ಹೆಂಡತಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಸಾಂಬಾರಿನ ಬಿಸಿ ವಾಸನೆಯ ನಡುವೆ ನನಗೆ ಅಲ್ಲೇ ಹತ್ತಿರದ ಕೊಪ್ಪದ ಮಾವ ನೆನಪಾದರು.

ಮಾವ ನನ್ನ ತಾಯಿಯ ತಮ್ಮ. ಅವರ ನಾಲಿಗೆಗೆ ಊರೇ ಹೆದರುತ್ತಿತ್ತು. ನಾನು ಪತ್ರಿಕೆ ಸೇರಿದಾಗ, "ಬುಡ್ಲಾ, ಇನ್ನೊಬ್ರು ಆಡಿದ್ದ ಬರ್ಕೊಳಕೂ ಸಂಬ್ಳ ಕೊಟ್ಟಾರಾ?" ಎಂದಿದ್ದರು.

ಒಮ್ಮೆ ಗದ್ದೆಯ ಬದುವಿನ ಮೇಲೆ ಫಿಟ್ಸ್ ಬಂದು ಬಿದ್ದರು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ತಲೆಯ ಎಡಭಾಗದಲ್ಲಿ, ಮಾತಿನ ಜಾಗದಲ್ಲೇ ಗಡ್ಡೆ ಕಂಡಿತು. ಹಾಗಾದರೆ ಇಷ್ಟು ವರ್ಷ ಊರನ್ನೆಲ್ಲ ಬೈದದ್ದು ಹೇಗೆಂದು ಕೇಳಿದೆ. ಗಡ್ಡೆ ನಿಧಾನವಾಗಿ ಬೆಳೆದಿದೆ, ಅದು ಒತ್ತಿದಂತೆಲ್ಲ ಮಾತು ಪಕ್ಕಕ್ಕೆ ಸರಿದು ನೆಲೆ ಕಂಡುಕೊಂಡಿದೆ ಎಂದರು ವೈದ್ಯೆ. ನಮಗ್ಯಾರಿಗೂ ಸುಳಿವು ಕೊಡದೆ ಒಳಗೇ ಒಕ್ಕಲು ಬದಲಾಗಿತ್ತು. ಗಡ್ಡೆ ತೆಗೆದ ಮೇಲೆ ಮಾತು ತಡವರಿಸಿತು. "ಮಿದುಳು ಇನ್ನೂ ಹೊಂದಿಕೊಳ್ಳುತ್ತೆ. ಆದರೆ ಪದವನ್ನ ಅವರೇ ಹುಡುಕಬೇಕು. ನೀವು ಎತ್ತಿಕೊಡಬೇಡಿ, ಕಾಯಿರಿ" ಎಂದರು ವೈದ್ಯೆ.

ಕಾಯುವುದು! ಎದುರಿನವರ ಮಾತು ಮುಗಿಯುವ ತನಕ ಸುಮ್ಮನಿದ್ದರೆ, ಇವನಿಗೇನೋ ಕೋಪ ಬಂದಿದೆ ಎಂದುಕೊಳ್ಳುವ ಸೀಮೆ ನಮ್ಮದು.

ಒಂದು ಮಧ್ಯಾಹ್ನ ಮಾವ ಕೊಟ್ಟಿಗೆಯತ್ತ ಕೈ ತೋರಿಸಿ, "ಆ... ಆ ಕರೀದು..." ಎಂದು ಶುರುಮಾಡಿದರು. ಹಣೆಯಲ್ಲಿ ಬೆವರು.

"ಎಮ್ಮೆ ಅಂತಾವ್ರೆ ಕಣಮ್ಮ" ಎಂದ ಪಕ್ಕದ ಮನೆಯ ಕೆಂಪಣ್ಣ.

"ಮೇವು ಆಕಿವ್ನಿ, ಸುಮ್ಕಿರಿ" ಎಂದರು ಅತ್ತೆ.

ಮಾವ ಅಲ್ಲವೆಂದು ತಲೆಯಾಡಿಸಿದರು. "ನೀರಾ? ಅದೂ ಕುಡಿಸಿವ್ನಿ" ಎಂದರು ಅತ್ತೆ.

"ಅತ್ತೆ, ಒಸಿ ತಡೀರಿ" ಎಂದೆ.

"ಅವ್ರು ಒದ್ದಾಡೋದ ನೋಡ್ಕಂಡು ಕೂತ್ಕಬೇಕಾ? ನಿಂಗೆ ಕರುಳಿಲ್ವೇನ್ಲಾ?"

ಮಾವ ಬಾಯಿ ಮುಚ್ಚಿದರು. ಅವರು ಹೇಳಹೊರಟದ್ದು ಏನೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯದೆ ಉಳಿದದ್ದು ಯಾರ ಗಮನಕ್ಕೂ ಬರಲಿಲ್ಲ. ಆಮೇಲಾಮೇಲೆ ಅವರು ಶುರುಮಾಡುವುದನ್ನೇ ಬಿಟ್ಟರು. ಗಡ್ಡೆಯನ್ನು ಸುತ್ತಿಕೊಂಡು ಹೋಗಿದ್ದ ಮಾತಿಗೆ ನಮ್ಮ ಅಕ್ಕರೆಯನ್ನು ದಾಟಲಾಗಲಿಲ್ಲ.

ಹೋಟೆಲಿನಿಂದ ಎದ್ದು ಸೀದಾ ಕೊಪ್ಪದ ಬಸ್ಸು ಹತ್ತಿದೆ. ಮಾವ ಜಗಲಿಯ ಮೇಲಿದ್ದರು. ಮೈ ತುಂಬಿಕೊಂಡಿದ್ದರು.

"ಹೆಂಗಿದ್ದೀರಿ ಮಾವ?" ಎಂದು ಕೇಳಿ ಸುಮ್ಮನೆ ಕಾದೆ.

ಮಾವ ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡಿದರು.

"ಸೆಂದಾಗವ್ರೆ ಕಣಪ್ಪ, ಏನೂ ತೊಂದ್ರಿಲ್ಲ."

ಮಾವ ಹೌದೆಂದು ತಲೆಯಾಡಿಸಿದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅದಕ್ಕೂ ಅತ್ತೆಯಿಂದ ಉತ್ತರ ಸಿಗುತ್ತಿತ್ತು. ಕೇಳದೆ ಎದ್ದು ಬಂದೆ.