ಕೇಳದೆ ಬಂದ ಊಟ

ಅಮ್ಮ ತೀರಿಕೊಂಡ ಮರುದಿನ ನಮ್ಮ ಮನೆಗೆ ಬೇಯಿಸಿದ ಮೊಟ್ಟೆ ಬಂತು. ತಲೆಮಾರುಗಳಿಂದ ಮೊಟ್ಟೆ ಮುಟ್ಟದ ಮನೆ ನಮ್ಮದು. ಅದೂ ಸೂತಕದಲ್ಲಿ!

ತಂದವರು ಕೆಳಗಿನ ಫ್ಲ್ಯಾಟಿನ ಮಿರಿಯಮ್. ಎಂಬತ್ತು ದಾಟಿದ ಯಹೂದಿ ಅಜ್ಜಿ, ಇಲ್ಲೇ ನೈರೋಬಿಯಲ್ಲಿ ಹುಟ್ಟಿ ಬೆಳೆದವರು. ಅಮ್ಮ ಹೋದದ್ದು ದಾವಣಗೆರೆಯಲ್ಲಿ. ನಾನು ಇಲ್ಲಿ ಟಿಕೆಟ್ ಹುಡುಕುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು. ಕಡೆಯ ಸಲ ಮುಖ ನೋಡಿದ್ದು ವೀಡಿಯೊ ಕಾಲ್‌ನಲ್ಲಿ.

ಅಜ್ಜಿ ಬಂದರು, ಡಬ್ಬಿಗಳನ್ನು ಟೇಬಲ್ ಮೇಲಿಟ್ಟರು, ಎದುರಿಗೆ ಕೂತರು. ಮಾತಿಲ್ಲ. (ಇಲ್ಲಿ ಸಾವಿನ ಸುದ್ದಿ ಕೇಳಿದರೆ ಯಾರಾದರೂ 'ಪೋಲೆ ಸಾನಾ' ಅನ್ನುತ್ತಾರೆ, ತುಂಬಾ ಬೇಜಾರಾಯಿತು ಅಂತ. ಇವರು ಅದನ್ನೂ ಅನ್ನಲಿಲ್ಲ.) ದುಃಖದಲ್ಲಿರುವವರು ಬಾಯಿ ಬಿಡುವವರೆಗೆ ಬಂದವರು ಮಾತಾಡಬಾರದು, ಅದು ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು. ಎಷ್ಟೋ ಹೊತ್ತಿನ ಮೇಲೆ ನಾನೇ ಅಂದೆ, "ಅಜ್ಜಿ, ನಾವು ಮೊಟ್ಟೆ ತಿನ್ನಲ್ಲ."

"ಬದುಕು ಉರುಳ್ತಾ ಇರುತ್ತೆ ಅಂತ ದುಂಡಗಿರೋದನ್ನ ತರ್ತೀವಿ. ಈ ಡಬ್ಬೀಲಿ ಬೇಯಿಸಿದ ಕಾಳಿದೆ, ಅದೂ ದುಂಡಗೇ ಇದೆ, ಅದನ್ನ ತಿನ್ನು," ಎಂದರು ಇಂಗ್ಲಿಷಿನಲ್ಲಿ. "ಮೊದಲ ಊಟ ನಿನ್ನ ಅಡುಗೆಮನೆಯದ್ದಾಗಬಾರದು."

ನಮ್ಮಲ್ಲೂ ಹಾಗೇ ಅಲ್ಲವೇ? ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ತರುತ್ತಾರೆ. ಹಾಗೆಂದು ಹೇಳಿದೆ. ಅಜ್ಜಿ ಕೇಳಿದರು, "ಮತ್ತೆ, ಯಾರು ತಂದ್ರು?"

ಯಾರೂ ತಂದಿರಲಿಲ್ಲ. ನಮ್ಮ ಕನ್ನಡದವರ ಸಂಘ ಹಿಂದಿನ ವರ್ಷವೇ ಎರಡು ಹೋಳಾಗಿತ್ತು. ಕಾರಣ? ರಾಜ್ಯೋತ್ಸವದ ಊಟಕ್ಕೆ ಕೇಟರರ್ ಕರೆಸುವುದೋ, ನಾವೇ ಅಡುಗೆ ಮಾಡುವುದೋ! ಅಷ್ಟಕ್ಕೇ ಎರಡು ವಾಟ್ಸ್ಆ್ಯಪ್ ಗ್ರೂಪು. ಎರಡೂ ಕಡೆಯಿಂದ ಕೈಮುಗಿಯುವ ಎಮೋಜಿ ಬಂದಿತ್ತು, ಜೊತೆಗೆ "ಏನಾದ್ರೂ ಬೇಕಿದ್ರೆ ಹೇಳಿ". ಅಮ್ಮನನ್ನು ಕಳೆದುಕೊಂಡವಳು 'ಒಂದು ಪಾತ್ರೆ ಸಾರು ಕಳಿಸಿ' ಎಂದು ಟೈಪ್ ಮಾಡುತ್ತಾಳೆಯೇ?

"ಬೇಕಾ ಅಂತ ಕೇಳಿ ಕೊಡೋದು ಹೋಟೆಲ್ ಕೆಲಸ," ಎಂದರು ಅಜ್ಜಿ. "ಎರಡು ಸಾವಿರ ವರ್ಷದ ಹಿಂದೆ ನಮ್ಮ ದೇವಾಲಯ ನೆಲಸಮ ಆದಾಗ, ಇನ್ನು ನಮಗೇನು ಗತಿ ಅಂತ ಜನ ಅತ್ತರಂತೆ. ದಯೆ ಉಳಿದಿದೆಯಲ್ಲ, ಅಲ್ಲಿಂದಲೇ ಶುರುಮಾಡಿ ಅಂದ್ರಂತೆ ಹಿರಿಯರು. ನಾವದನ್ನ ಹೆಸೆದ್ ಅಂತೀವಿ. ಈ ಊರಲ್ಲಿ ನಾವಿರೋದೇ ಬೆರಳೆಣಿಕೆಯಷ್ಟು. ಇನ್ನೂ ಒಟ್ಟಿಗಿದ್ದೀವಿ ಅಂದ್ರೆ, ಅದರಿಂದಲೇ."

ಕಾಳು ತಿಂದೆ. ತಿನ್ನುತ್ತಾ ಮೊದಲ ಸಲ ಅತ್ತೆ. (ಮೊಟ್ಟೆ ಗೇಟಿನ ವಾಚ್‌ಮನ್‌ಗೆ ಹೋಯಿತು.)

ಎರಡು ತಿಂಗಳಾಗಿರಬೇಕು, ನಾಗರಾಜ್ ಅವರ ತಂದೆ ಹಾವೇರಿಯಲ್ಲಿ ತೀರಿಕೊಂಡರು. ನಾಗರಾಜ್ ಇಂಡಸ್ಟ್ರಿಯಲ್ ಏರಿಯಾದ ಔಷಧ ಫ್ಯಾಕ್ಟರಿಯಲ್ಲಿ ಮ್ಯಾನೇಜರ್. ಕೇಟರರ್ ಪಕ್ಷದ ನಾಯಕರು. ಜಗಳದ ದಿನದಿಂದ ನನ್ನ ಮುಖ ನೋಡಿದವರಲ್ಲ.

"ಏನಾದ್ರೂ ಬೇಕಾ ಅಂತ ಫೋನ್ ಮಾಡಿ ಕೇಳೋಣ," ಎಂದರು ನನ್ನವರು. "ಬೇಡ," ಎಂದು ಅನ್ನ, ತಿಳಿಸಾರು ಕಟ್ಟಿಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಬಾಗಿಲಲ್ಲೇ ನಿಲ್ಲಿಸಿಬಿಟ್ಟರೆ?

ನಿಲ್ಲಿಸಲಿಲ್ಲ. ಒಳಗೆ ಹೋಗಿ ಸುಮ್ಮನೆ ಕೂತೆ. (ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.) ಕೊನೆಗೆ ಅವರೇ ಡಬ್ಬಿ ತೆಗೆದು ನೋಡಿ ಹೇಳಿದರು, "ಅಪ್ಪಂಗೂ ತಿಳಿಸಾರು ಅಂದ್ರೆ ಜೀವ, ಮೇಡಂ." ಅತ್ತರು. ಆಮೇಲೆ ಹೊಟ್ಟೆ ತುಂಬ ಉಂಡರು.

ಮರುದಿನ ಅವರ ಮನೆಗೆ ನಮ್ಮ ಗ್ರೂಪಿನ ಶೈಲಾ ಚಪಾತಿ ಪಲ್ಯ ಒಯ್ದಳು. ಅದರ ಮರುದಿನ ಇನ್ಯಾರೋ. ಕಳೆದ ವಾರ ಶೈಲಾಳಿಗೇ ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ದಿನ ನಾನು ಅಲ್ಲೇ ಇದ್ದೆ. ಸಂಜೆ ಬೆಲ್ ಆಯಿತು. ಲಾರಿಗಳ ಜಾಮ್ ದಾಟಿಕೊಂಡು ಬಂದ ನಾಗರಾಜ್, ಕೈಯಲ್ಲಿ ತಾವೇ ಮಾಡಿದ ಉಪ್ಪಿಟ್ಟು! ಉಪ್ಪು ಮರೆತಿದ್ದರು. ಶೈಲಾ ತುಟಿಪಿಟಕ್ಕೆನ್ನದೆ ಪೂರ್ತಿ ತಿಂದಳು. ನನಗೆ ಹೆಮ್ಮೆಯಿಂದ ಎದೆಯುಬ್ಬಿತು, ಸುಳ್ಳೇಕೆ ಹೇಳಲಿ?

ಅದೇ ಖುಷಿಯಲ್ಲಿ ಶೈಲಾಳ ಗಂಡ ಒಂದು ಸಲಹೆ ಕೊಟ್ಟರು, ಎರಡು ಗ್ರೂಪೂ ಸೇರಿಸಿ ಸಂಘದ ನಿಯಮಗಳ ಹೊಸ ಬೈಲಾ ಬರೆಯೋಣ ಅಂತ.

"ಬರೆಯೋಕೆ ಕೂತ್ರೆ ಮತ್ತೆ ಜಗಳ ಆಗುತ್ತೆ ಸರ್," ಎಂದರು ನಾಗರಾಜ್. "ಊಟ ತಲುಪ್ತಾ ಇದೆಯಲ್ಲ, ಬಿಡಿ."

ಇವರು ನನ್ನ ಜನ ಎಂದು ಹೇಳಿಕೊಳ್ಳಲು ನನಗೆ ಬೈಲಾ ಬೇಕೇ?